ಹೆಬ್ಬೆರಳೇ ಬೀಗ: ಜಪಾನಿನ ಹಿಗೊನೊಕಾಮಿ ಚಾಕು

ಹಿಗೊನೊಕಾಮಿಯನ್ನು ಮೊದಲ ಸಲ ಕೈಗೆತ್ತಿಕೊಂಡವರು ಅದನ್ನು ಬಿಚ್ಚುತ್ತಾರೆ, ಮಡಚುತ್ತಾರೆ, ತಿರುಗಿಸಿ ನೋಡುತ್ತಾರೆ, ಆಮೇಲೆ ‘ಇದರ ಲಾಕ್ ಎಲ್ಲಿದೆ?’ ಎಂದು ಕೇಳುತ್ತಾರೆ. ಲಾಕ್ ಇಲ್ಲ. ಒಳಗೆ ಸ್ಪ್ರಿಂಗೂ ಇಲ್ಲ. ಒಂದು ಅಲಗು, ತಗಡನ್ನು ಮಡಚಿ ಮಾಡಿದ ಒಂದು ಹಿಡಿ, ಎರಡನ್ನೂ ಸೇರಿಸಿದ ಒಂದು ಕೀಲು, ಇಷ್ಟೇ ಅದರ ಸಂಸಾರ. ಅಲಗಿನ ಬುಡದಲ್ಲಿ ಮಾತ್ರ ಪುಟ್ಟ ಬಾಲದಂಥ ಒಂದು ಚಾಚು ಇರುತ್ತದೆ. ಜಪಾನಿಯರು ಅದನ್ನು ಚಿಕಿರಿ ಎನ್ನುತ್ತಾರೆ. ಚಾಕು ಮಡಚಿದ್ದಾಗ ಅದು ಹಿಡಿಯಿಂದ ಹೊರಗೆ ಇಣುಕಿರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಅಲಗು ಮೇಲೇಳುತ್ತದೆ. ಪೂರ್ತಿ ಬಿಚ್ಚಿಕೊಂಡಾಗ ಅದೇ ಚಿಕಿರಿ ಹಿಡಿಯ ಬೆನ್ನಿನ ಮೇಲೆ ಬಂದು ಕೂರುತ್ತದೆ. ಅದರ ಮೇಲೆ ಹೆಬ್ಬೆರಳು ಊರಿರುವಷ್ಟು ಹೊತ್ತು ಅಲಗು ಮಡಚಿಕೊಳ್ಳಲಾರದು. ಬೆರಳು ತೆಗೆದಿರೋ, ಕೀಲಿನ ಬಿಗಿ ಬಿಟ್ಟರೆ ಬೇರೆ ಆಸರೆಯಿಲ್ಲ.

ಈ ಚಾಕುವನ್ನು ಕೊಳ್ಳುವ ಮೊದಲು ಮನಸ್ಸಿಗೆ ಬರಬೇಕಾದ ಸಂಗತಿ ಇದೇ: ಬೀಗದ ಕೆಲಸ ನಿಮ್ಮ ಹೆಬ್ಬೆರಳಿನದು. ಬಟನ್ ಒತ್ತಿದರೆ ಚಿಮ್ಮುವ, ತಾನೇ ಕಚ್ಚಿಕೊಳ್ಳುವ ಚಾಕುಗಳಿಗೆ ಒಗ್ಗಿದವರಿಗೆ ಇದು ಕೊರತೆಯಂತೆ ಕಾಣಬಹುದು. ಏಳೆಂಟು ವರ್ಷ ಒಂದನ್ನು ಬಳಸಿದ ಮೇಲೆ ನನಗೆ ಇದು ಕೊರತೆ ಅನಿಸುತ್ತಿಲ್ಲ. ಬೀಗವಿಲ್ಲದ ಕಾರಣಕ್ಕೇ ಕೈ ಎಚ್ಚರವಾಗಿರುತ್ತದೆ, ಕೆಡಬಹುದಾದ ಭಾಗಗಳೂ ಇಲ್ಲವಾಗುತ್ತವೆ. ಆದರೆ ಇದು ಎಲ್ಲ ಕೆಲಸಕ್ಕೂ ಆಗುವ ಚಾಕುವಲ್ಲ. ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂದು ಗೊತ್ತಿದ್ದರೆ ಮೊಮ್ಮಕ್ಕಳ ಕಾಲದವರೆಗೂ ಬಾಳುತ್ತದೆ.

ಮಿಕಿ ಎಂಬ ಕಮ್ಮಾರರ ಊರು

ಕೋಬೆ ನಗರದ ವಾಯವ್ಯಕ್ಕೆ, ಹ್ಯೋಗೊ ಪ್ರಾಂತದಲ್ಲಿ ಮಿಕಿ ಎಂಬ ಊರಿದೆ. 1578ರಿಂದ 1580ರವರೆಗೆ ತೊಯೊತೊಮಿ ಹಿದೆಯೊಶಿ ಎಂಬ ಸೇನಾಪತಿ ಅಲ್ಲಿನ ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಕಾಳುಕಡ್ಡಿ ಹೋಗದಂತೆ ದಾರಿಗಳನ್ನೆಲ್ಲ ಕಟ್ಟಿ, ಹಸಿವಿನಿಂದಲೇ ಕೋಟೆಯನ್ನು ಬಗ್ಗಿಸಿದ. ಕೋಟೆಯ ಒಡೆಯ ಬೆಸ್ಶೊ ನಾಗಾಹಾರು ಕೊನೆಗೆ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಹಾಳಾದ ಊರನ್ನು ಮತ್ತೆ ಕಟ್ಟಲು ಹಿದೆಯೊಶಿ ತೆರಿಗೆ ಮನ್ನಾ ಮಾಡಿದ. ಮನೆ ಕಟ್ಟುವ ಬಡಗಿಗಳು ಬಂದರು, ಅವರಿಗೆ ಗರಗಸ, ಉಳಿ, ಕೀಸುಳಿ ಮಾಡಿಕೊಡುವ ಕಮ್ಮಾರರು ಬಂದರು. ಬಡಗಿಗಳು ಕೆಲಸ ಹುಡುಕುತ್ತ ಬೇರೆ ಊರಿಗೆ ಹೋದಾಗ ಅವರ ಹತಾರಗಳ ಜೊತೆ ಮಿಕಿಯ ಹೆಸರೂ ಹೋಯಿತು. ಇಂದಿಗೂ ಮಿಕಿ ಎಂದರೆ ಜಪಾನಿನವರಿಗೆ ಕಬ್ಬಿಣದ ಹತಾರಗಳ ಊರು. ಅಲ್ಲಿ ಹತಾರಗಳ ವಸ್ತುಸಂಗ್ರಹಾಲಯವಿದೆ, ಹತಾರಗಳಿಗೆಂದೇ ಒಂದು ದೇವಾಲಯವಿದೆ, ವರ್ಷಕ್ಕೊಮ್ಮೆ ಹತಾರಗಳ ಜಾತ್ರೆಯೂ ನಡೆಯುತ್ತದೆ. ಆ ಊರಿನ ಕೈಗರಗಸ, ಉಳಿ, ಕೀಸುಳಿ, ಗಾರೆಕರಣೆ ಮತ್ತು ಸಣ್ಣ ಚಾಕುಗಳಿಗೆ 1996ರಲ್ಲಿ ಜಪಾನ್ ಸರ್ಕಾರ ಸಾಂಪ್ರದಾಯಿಕ ಕರಕುಶಲ ವಸ್ತುಗಳೆಂಬ ಮನ್ನಣೆ ಕೊಟ್ಟಿತು.

ಮಾರುವವರು ಹಿಗೊನೊಕಾಮಿಯನ್ನು ‘ಸಮುರಾಯಿ ಚಾಕು’ ಎಂದು ಕರೆಯುವುದುಂಟು. ಮರುಳಾಗಬೇಡಿ. ಕತ್ತಿ ಧರಿಸಿ ಓಡಾಡುವುದನ್ನು ಜಪಾನ್ ಸರ್ಕಾರ 1876ರಲ್ಲೇ ನಿಷೇಧಿಸಿತ್ತು. ಈ ಚಾಕು ಹುಟ್ಟಿದ್ದು ಅದಾದ ಮೇಲೆ, 1890ರ ದಶಕದಲ್ಲಿ. ಹುಟ್ಟಿಸಿದವನು ಯೋಧನಲ್ಲ, ವ್ಯಾಪಾರಿ. ಶಿಗೆಮಾತ್ಸು ತಾಸಾಬುರೊ ಎಂಬ ಮಿಕಿಯ ಸಗಟು ವ್ಯಾಪಾರಿ ದಕ್ಷಿಣದ ಕ್ಯೂಶು ದ್ವೀಪಕ್ಕೆ ಸರಕು ಸಾಗಿಸುತ್ತಿದ್ದ. ಅಲ್ಲಿಂದ ತಂದ ಒಂದು ಚಾಕುವನ್ನು ಮುರಾಕಾಮಿ ತೇಜಿ ಎಂಬ ಕಮ್ಮಾರನ ಮುಂದಿಟ್ಟು, ಇಂಥದ್ದನ್ನು ಮಾಡಿಕೊಡು ಎಂದ. ತಗಡಿನ ಹಿಡಿ, ಚಿಕಿರಿ ಎಲ್ಲ ಸೇರಿ ಇಂದಿನ ರೂಪ ಬಂದದ್ದು ಆ ಬಳಿಕದ ತಿದ್ದುಪಡಿಗಳಿಂದ.

ಹೆಸರೂ ವ್ಯಾಪಾರಿಯ ಜಾಣ್ಮೆಯದೇ. ಹಿಗೊ ಎಂಬುದು ಕ್ಯೂಶುವಿನ ಹಳೆಯ ಸೀಮೆ, ಇಂದಿನ ಕುಮಾಮೊಟೊ. ‘ಹಿಗೊನೊಕಾಮಿ’ ಎಂದರೆ ಹಿಗೊ ಸೀಮೆಯ ಅಧಿಪತಿ. ಅರಮನೆಯ ಹಳೆಯ ಬಿರುದು ಅದು. ಹೆಚ್ಚಿನ ಗಿರಾಕಿಗಳು ಆ ಕಡೆಯವರೇ ಆಗಿದ್ದರಿಂದ ಅವರ ಸೀಮೆಯ ದೊರೆಯ ಬಿರುದನ್ನೇ ಒಂದು ಅಗ್ಗದ ಚಾಕುವಿಗೆ ಇಟ್ಟರು. ಬರೆಯುವುದು ಮೂರೇ ಚಿತ್ರಾಕ್ಷರದಲ್ಲಿ: ಹಿ, ಗೊ, ಕಾಮಿ. ನಡುವಿನ ‘ನೊ’ ಬರಹದಲ್ಲಿ ಇಲ್ಲ, ಓದುವಾಗ ಮಾತ್ರ ಬರುತ್ತದೆ. ಹಿಡಿಯ ಮೇಲಿನ ಮುದ್ರೆ ನೋಡುವಾಗ ಇದು ನೆನಪಿರಲಿ. 20ನೇ ಶತಮಾನದ ಆರಂಭದ ದಶಕಗಳಲ್ಲಿ ಮಿಕಿಯ ತಯಾರಕರು ಸಂಘ ಕಟ್ಟಿಕೊಂಡು ಈ ಹೆಸರನ್ನು ನೋಂದಾಯಿಸಿದರು. ಸಂಘದ ಸದಸ್ಯರಲ್ಲದವರು ಅದನ್ನು ಅಚ್ಚೊತ್ತುವಂತಿಲ್ಲ.

ಒಂದು ಕಾಲಕ್ಕೆ ಜಪಾನಿನ ಗಂಡುಹುಡುಗರ ಜೇಬಿನಲ್ಲಿ ಇದಿಲ್ಲದೆ ಇರುತ್ತಿರಲಿಲ್ಲ. ಶಾಲೆಯಲ್ಲಿ ಪೆನ್ಸಿಲ್ ಕೆತ್ತುವುದು ಇದರಿಂದಲೇ. ಬಿಟ್ಟ ಮೇಲೆ ಬಿದಿರು ಸೀಳಿ, ಎರಡು ಅಂಗೈ ನಡುವೆ ಉಜ್ಜಿ ಬಿಟ್ಟರೆ ಹಾರುವ ‘ತಾಕೆತೊಂಬೊ’ ಮಾಡುವುದೂ ಇದರಿಂದಲೇ. ಆ ಹೆಸರಿನ ಅರ್ಥ ಬಿದಿರಿನ ಏರೋಪ್ಲೇನ್ ಚಿಟ್ಟೆ. ಆಮೇಲೆ ಕಾಲ ತಿರುಗಿತು. 1956ರಲ್ಲಿ ಒಸಾಕಾದ ಒಕಾದಾ ಯೊಶಿಯೊ ಎಂಬವರು ಮೊಂಡಾದ ತುದಿಯನ್ನು ಚಾಕೊಲೇಟಿನ ತುಂಡಿನಂತೆ ಮುರಿದು ಬಿಸಾಡುವ ಕಟರ್ ಕಂಡುಹಿಡಿದರು. ಪೆನ್ಸಿಲ್ ಚೂಪು ಮಾಡುವ ಯಂತ್ರಗಳು ಶಾಲೆಗೆ ಬಂದವು. ದೊಡ್ಡ ಪೆಟ್ಟು ಬಿದ್ದದ್ದು 1960ರಲ್ಲಿ. ಆ ವರ್ಷದ ಅಕ್ಟೋಬರ್ 12ರಂದು ಟೋಕಿಯೋದ ವೇದಿಕೆಯೊಂದರಲ್ಲಿ ಭಾಷಣ ಮಾಡುತ್ತಿದ್ದ ಸಮಾಜವಾದಿ ಪಕ್ಷದ ಅಧ್ಯಕ್ಷ ಅಸಾನುಮಾ ಇನೆಜಿರೊ ಅವರನ್ನು 17 ವರ್ಷದ ಹುಡುಗನೊಬ್ಬ ಇರಿದು ಕೊಂದ. ಅವನ ಕೈಯಲ್ಲಿದ್ದದ್ದು ಕಿರುಗತ್ತಿ, ಹಿಗೊನೊಕಾಮಿ ಅಲ್ಲ. ಆದರೂ ಮಕ್ಕಳ ಕೈಗೆ ಹರಿತವಾದದ್ದು ಏನೂ ಸಿಗಬಾರದು ಎಂಬ ಚಳವಳಿ ದೇಶವಿಡೀ ಎದ್ದಿತು. ಮಿಕಿಯ ಕುಲುಮೆಗಳು ಒಂದೊಂದಾಗಿ ಆರಿದವು. ಇಂದು ಹಿಗೊನೊಕಾಮಿ ಎಂಬ ಹೆಸರನ್ನು ಒತ್ತುವ ಹಕ್ಕಿನೊಡನೆ ಚಾಕು ಮಾಡುತ್ತ ಉಳಿದಿರುವುದು ನಾಗಾವೊ ಕಾನೆಕೊಮಾ ಎಂಬ ಒಂದೇ ಮನೆತನದ ಕಾರ್ಖಾನೆ.

ಕೊಳ್ಳುವಾಗ

ಆದ್ದರಿಂದ ಮೊದಲು ನೋಡಬೇಕಾದದ್ದು ಹಿಡಿಯ ಮೇಲಿನ ಮುದ್ರೆ. ಅಕ್ಷರಗಳು ಲೋಹದೊಳಗೆ ಇಳಿದಿರಬೇಕು, ಬಣ್ಣದಲ್ಲಿ ಬರೆದಿರಬಾರದು. ಜಪಾನಿ ಬಾರದಿದ್ದರೂ ತಯಾರಕರ ಚಾಕುವಿನ ಒಂದು ಚಿತ್ರ ಮುಂದಿಟ್ಟುಕೊಂಡು ಆ ಮೂರು ಅಕ್ಷರಗಳನ್ನು ಹೋಲಿಸಿ ನೋಡುವುದು ಕಷ್ಟವಲ್ಲ. ‘ಹಿಗೊ ಮಾದರಿ’, ‘ಹಿಗೊ ನೈಫ್’ ಎಂದು ಮಾರುವ ಚಾಕುಗಳು ಬೇರೆಯವರವು. ಕೆಲವು ಚೆನ್ನಾಗಿಯೇ ಇರುತ್ತವೆ, ಅವು ಮೋಸವೂ ಅಲ್ಲ. ಆದರೆ ಆ ಮೂರು ಅಕ್ಷರಗಳಿಗೆ ಕೊಡುವ ಬೆಲೆಯನ್ನು ಅವಕ್ಕೆ ಕೊಡಬೇಡಿ. ಒಮ್ಮೆ ಆನ್‌ಲೈನಿನಲ್ಲಿ ಚಿತ್ರ ನೋಡಿ ನಾನು ತರಿಸಿದ್ದು ನಕಲಿಯಾಗಿತ್ತು. ಹೊಳೆಯುವ ಅಲಗು, ಸುಂದರವಾದ ಹಿಡಿ. ಆದರೆ ಮೂರು ನಿಂಬೆಹಣ್ಣು ಕೊಯ್ಯುವಷ್ಟರಲ್ಲಿ ಮೊಂಡಾಯಿತು.

ಮುಂದಿನದು ಉಕ್ಕು. ಅಗ್ಗದ ಹಿಗೊನೊಕಾಮಿಗಳಲ್ಲಿ ಸಾದಾ ಇಂಗಾಲದ ಉಕ್ಕು ಇರುತ್ತದೆ. ಇನ್ನು ಸ್ವಲ್ಪ ಹೆಚ್ಚು ಕೊಟ್ಟರೆ ‘ಆವೊಗಾಮಿ’, ಅಂದರೆ ನೀಲಿ ಕಾಗದದ ಉಕ್ಕು ಸಿಗುತ್ತದೆ. ಉಕ್ಕು ನೀಲಿಯಲ್ಲ, ಶಿಮಾನೆ ಪ್ರಾಂತದ ಯಾಸುಗಿಯಲ್ಲಿ ತಯಾರಾಗುವ ಉಕ್ಕಿನ ಬಗೆಗಳನ್ನು ಗುರುತಿಸಲು ಸುತ್ತುತ್ತಿದ್ದ ಕಾಗದದ ಬಣ್ಣದಿಂದ ಬಂದ ಹೆಸರು ಅದು. ಬಿಳಿ ಕಾಗದದ್ದು ಕಲ್ಮಶ ತೀರ ಕಡಿಮೆಯಿರುವ ಶುದ್ಧ ಇಂಗಾಲದ ಉಕ್ಕು. ಅದಕ್ಕೆ ಟಂಗ್‌ಸ್ಟನ್, ಕ್ರೋಮಿಯಂ ತುಸು ಬೆರೆಸಿದರೆ ನೀಲಿ ಕಾಗದದ್ದಾಗುತ್ತದೆ. ಎರಡರಲ್ಲೂ ಶೇ. 1ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ತುಸು ಹೆಚ್ಚು ಇಂಗಾಲ ಇರುತ್ತದೆ. ಬಿಳಿಯದು ಬೇಗ ಹರಿತವಾಗುತ್ತದೆ, ನೀಲಿಯದು ಹೆಚ್ಚು ದಿನ ಹರಿತ ಉಳಿಸಿಕೊಳ್ಳುತ್ತದೆ. ದಿನಬಳಕೆಗೆ ನನ್ನ ಮತ ನೀಲಿಗೆ.

ನೀಲಿ ಕಾಗದದ ಅಲಗುಗಳ ಮೇಲೆ ‘ವಾರಿಕೊಮಿ’ ಎಂಬ ಮಾತು ಕಾಣುತ್ತದೆ. ನಡುವೆ ಗಟ್ಟಿ ಉಕ್ಕು, ಎರಡು ಪಕ್ಕಕ್ಕೆ ಮೆತು ಕಬ್ಬಿಣ ಇಟ್ಟು ಬೆಸೆದದ್ದು ಎಂದು ಅರ್ಥ. ಗಟ್ಟಿ ಉಕ್ಕೊಂದೇ ಇದ್ದರೆ ಪೆಟ್ಟಿಗೆ ಸಿಡಿಯುತ್ತದೆ, ಮೆತು ಕಬ್ಬಿಣವೊಂದೇ ಆದರೆ ಹರಿತ ನಿಲ್ಲುವುದಿಲ್ಲ. ಮಸೆಯುವವರಿಗೂ ಇದರಿಂದ ಉಪಕಾರವಿದೆ: ಕಲ್ಲಿಗೆ ತಾಗುವ ಬಹುಭಾಗ ಮೆತುವಾದದ್ದರಿಂದ ಕೆಲಸ ಬೇಗ ಸಾಗುತ್ತದೆ. ಮಸೆದ ಅಲಗನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಂಕು ಬೂದಿ ಬಣ್ಣದ ಕಬ್ಬಿಣ ಮುಗಿದು ಹೊಳೆಯುವ ಉಕ್ಕು ಶುರುವಾಗುವ ಗೆರೆ ಕಾಣುತ್ತದೆ. ನನಗೆ ಈ ಚಾಕುವಿನಲ್ಲಿ ಕಣ್ಣಿಗೆ ಅತ್ಯಂತ ಇಷ್ಟವಾದದ್ದು ಆ ಗೆರೆ.

ಹಿಡಿ ಹಿತ್ತಾಳೆಯದೂ ಇರುತ್ತದೆ, ಕಪ್ಪು ಬಣ್ಣದ ಉಕ್ಕಿನದೂ ಇರುತ್ತದೆ. ಹಿತ್ತಾಳೆ ಭಾರ, ಕೈಗೆ ಲೋಹದ ವಾಸನೆ ಹತ್ತುತ್ತದೆ, ಆದರೆ ತುಕ್ಕು ಹಿಡಿಯುವುದಿಲ್ಲ. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ಹಿತ್ತಾಳೆಯೇ ವಾಸಿ. ಅಳತೆಗಳು ಹಲವು ಇವೆ. ಹಿಡಿ ಸುಮಾರು 10 ಸೆಂಟಿಮೀಟರ್ ಇರುವಂಥದ್ದು ದೊಡ್ಡವರ ಅಂಗೈಗೆ ಸರಿ. ಅದಕ್ಕಿಂತ ಚಿಕ್ಕದರಲ್ಲಿ ಚಿಕಿರಿಯೂ ಚಿಕ್ಕದಾಗಿ ಹೆಬ್ಬೆರಳಿಗೆ ಗಟ್ಟಿ ನೆಲೆ ಸಿಗುವುದಿಲ್ಲ.

ಅಂಗಡಿಯಲ್ಲಿ ಕೈಯಾರೆ ನೋಡುವ ಅವಕಾಶವಿದ್ದರೆ ಮೂರು ಪರೀಕ್ಷೆ ಮಾಡಿ. ಮಡಚಿದ ಅಲಗು ಹಿಡಿಯ ಪಕ್ಕದ ಗೋಡೆಗೆ ಉಜ್ಜದೆ ನಡುವೆ ಕೂರುತ್ತದೆಯೇ ನೋಡಿ. ಬಿಚ್ಚಿ, ಮೊನೆ ಹಿಡಿದು ಪಕ್ಕಕ್ಕೆ ಅಲುಗಿಸಿ, ಲೊಡಲೊಡ ಎನ್ನಬಾರದು. ಕೊನೆಗೆ ಅರ್ಧ ಬಿಚ್ಚಿದ ಚಾಕುವನ್ನು ಅಲಗು ಕೆಳಮುಖವಾಗಿ ಹಿಡಿಯಿರಿ. ಅಲಗು ಎಲ್ಲಿತ್ತೋ ಅಲ್ಲೇ ನಿಂತರೆ ಕೀಲಿನ ಬಿಗಿ ಸರಿಯಿದೆ. ತಾನಾಗಿ ಬೀಳುವ ಚಾಕುವನ್ನು ಅಲ್ಲೇ ಬಿಟ್ಟು ಬನ್ನಿ. ಹೊಸ ಚಾಕು ಸ್ವಲ್ಪ ಗಟ್ಟಿಯಿರುವುದು ಒಳ್ಳೆಯ ಲಕ್ಷಣ.

ಬಿಚ್ಚುವುದು, ಹಿಡಿಯುವುದು, ಮಡಚುವುದು

ಒಂದೇ ಕೈಯಲ್ಲಿ ಬಿಚ್ಚುವ ಚಮತ್ಕಾರ ಬೇಡ. ಎಡಗೈಯಲ್ಲಿ ಹಿಡಿಯನ್ನು ಪಕ್ಕಗಳಿಂದ ಹಿಡಿಯಿರಿ. ಅಲಗು ಹೊರಬರುವ ಸೀಳಿನ ದಾರಿಯಲ್ಲಿ ಬೆರಳು ಇರಬಾರದು. ಬಲ ಹೆಬ್ಬೆರಳಿನಿಂದ ಚಿಕಿರಿ ಒತ್ತಿ, ಅಲಗು ಅರ್ಧ ಎದ್ದ ಮೇಲೆ ಅದರ ಬೆನ್ನನ್ನು ಹಿಡಿದು ಪೂರ್ತಿ ಬಿಚ್ಚಿ. ಈಗ ಬಲಗೈಗೆ ತೆಗೆದುಕೊಂಡು ಹೆಬ್ಬೆರಳನ್ನು ಚಿಕಿರಿಯ ಮೇಲೆ ಊರಿ. ಹೆಬ್ಬೆರಳು ಅಲ್ಲಿಲ್ಲದೆ ಒಂದು ಎಳೆ ದಾರವನ್ನೂ ಕತ್ತರಿಸಬಾರದು. ಇದು ಅಭ್ಯಾಸವಾಗಲು ಒಂದು ವಾರ ಸಾಕು. ನನಗೆ ಹಿಡಿದದ್ದು ಒಂದು ಗಾಯ. ಪಾರ್ಸೆಲ್ಲಿನ ಟೇಪು ಕೊಯ್ಯುವಾಗ ಹೆಬ್ಬೆರಳು ಪಕ್ಕಕ್ಕೆ ಜಾರಿತ್ತು, ಮೊನೆಯನ್ನು ರಟ್ಟಿಗೆ ಚುಚ್ಚಿದ್ದೆ, ಅಲಗು ಹಿಂದಕ್ಕೆ ಮಡಚಿ ತೋರುಬೆರಳಿಗೆ ಕೂತಿತು. ತಪ್ಪು ನನ್ನದೇ, ಎರಡೂ ತಪ್ಪು. ಒಂದು, ಬೆರಳು ಜಾಗದಲ್ಲಿರಲಿಲ್ಲ. ಇನ್ನೊಂದು, ಬೀಗವಿಲ್ಲದ ಚಾಕುವಿನಿಂದ ಚುಚ್ಚಬಾರದು. ಎಳೆದು ಕೊಯ್ದಾಗ ಬಲ ಅಲಗನ್ನು ಬಿಚ್ಚುವ ದಿಕ್ಕಿಗೇ ಒತ್ತುತ್ತದೆ. ಚುಚ್ಚಿದಾಗ ಅಥವಾ ಅಲಗಿನ ಬೆನ್ನಿನ ಮೇಲೆ ಭಾರ ಬಿದ್ದಾಗ ಮಡಚುವ ದಿಕ್ಕಿಗೆ ಒತ್ತುತ್ತದೆ. ಬೆನ್ನಿನಿಂದ ಏನನ್ನಾದರೂ ಕುಟ್ಟುವುದೂ ಇದೇ ಕಾರಣಕ್ಕೆ ಬೇಡ.

ಮಡಚುವಾಗ ಹಿಡಿಯನ್ನು ಮತ್ತೆ ಪಕ್ಕಗಳಿಂದಲೇ ಹಿಡಿದು, ಇನ್ನೊಂದು ಅಂಗೈಯಿಂದ ಅಲಗಿನ ಬೆನ್ನನ್ನು ನಿಧಾನ ಒತ್ತಿ. ಟಪ್ಪೆಂದು ಮುಚ್ಚಿದರೆ ಅಲಗಿನ ಬಾಯಿ ಹಿಡಿಯ ತಳಕ್ಕೆ ಬಡಿದು ಮೊಂಡಾಗುತ್ತದೆ.

ಮನೆಯಲ್ಲಿ ಇದು ಮಾಡುವ ಕೆಲಸ ಕಡಿಮೆಯಲ್ಲ. ಪಾರ್ಸೆಲ್ಲು ಬಿಚ್ಚುವುದು, ಗೋಣಿದಾರ ಕತ್ತರಿಸುವುದು, ಪೆನ್ಸಿಲ್ ಕೆತ್ತುವುದು, ತೆಂಗಿನ ಗರಿಯಿಂದ ಕಡ್ಡಿ ಹೆರೆಯುವುದು, ಗುಲಾಬಿಯ ಗೆಲ್ಲು ಕತ್ತರಿಸುವುದು, ಪ್ರಯಾಣದಲ್ಲಿ ಸೀಬೆ, ಸೇಬು, ಸೌತೆಕಾಯಿ ಹೆಚ್ಚುವುದು. ಮರ ಕೆತ್ತುವುದರಲ್ಲಂತೂ ಇದಕ್ಕೆ ಸಾಟಿ ಕಡಿಮೆ. ಅಲಗಿನ ಪಕ್ಕಗಳು ಚಪ್ಪಟೆಯಾಗಿ ಬಾಯಿಯವರೆಗೆ ಇಳಿದಿರುವುದರಿಂದ ಸಿಪ್ಪೆ ತೆಳುವಾಗಿ ಏಳುತ್ತದೆ. ಆದರೆ ಅಡುಗೆಮನೆಯ ಈಳಿಗೆಮಣೆಯ ಕೆಲಸವನ್ನೆಲ್ಲ ಇದಕ್ಕೆ ಹೊರಿಸಬೇಡಿ. ಒಣಗಿದ ಅಡಕೆಗೆ ಅಡಕತ್ತರಿಯೇ ಬೇಕು. ಡಬ್ಬಿಯ ಮುಚ್ಚಳ ಮೀಟಿದರೆ ಮೊನೆ ಮುರಿಯುತ್ತದೆ. ಹಲಸಿನ ಹಣ್ಣು ಬೇಡವೇ ಬೇಡ. ಅಲಗಿಗೆ ಎಣ್ಣೆ ಸವರಿದರೂ ಮೇಣ ಕೀಲಿಗೆ ಇಳಿದರೆ ಬಿಡಿಸುವುದು ಕಷ್ಟ.

ಹಣ್ಣು ಹೆಚ್ಚುವವರಿಗೆ ಇನ್ನೊಂದು ಮಾತು. ಹಿಡಿ ಒಳಗೆ ಟೊಳ್ಳು. ಒದ್ದೆ ಅಲಗನ್ನು ಮಡಚಿದರೆ ರಸವೆಲ್ಲ ಆ ಕಾಲುವೆಯಲ್ಲಿ ನಿಂತು ಒಳಗಿನಿಂದ ಕೊಳೆಯುತ್ತದೆ, ತುಕ್ಕು ತರುತ್ತದೆ. ಮೊದಲು ಅಲಗನ್ನು ತೊಳೆದು ಒರೆಸಿ, ಒಂದು ಊದುಬತ್ತಿ ಕಡ್ಡಿಗೆ ಬಟ್ಟೆ ಸುತ್ತಿ ಕಾಲುವೆಯನ್ನೂ ಒರೆಸಿ, ಐದು ನಿಮಿಷ ಬಿಚ್ಚಿಟ್ಟು ಆಮೇಲೆ ಮಡಚಿ.

ಮಸೆಯುವುದು

ಹೊಸ ಹಿಗೊನೊಕಾಮಿ ಕಾರ್ಖಾನೆಯಿಂದ ಬರುವಾಗ ಇರುವ ಹರಿತ ಕೆಲಸಕ್ಕೆ ಸಾಕು, ಆದರೆ ಅದರ ನಿಜವಾದ ಹರಿತ ಅದಲ್ಲ. ಅದನ್ನು ಮನೆಯಲ್ಲಿ ನೀವೇ ತರಿಸಬೇಕು. ದಯವಿಟ್ಟು ಬೀದಿಯಲ್ಲಿ ಚಕ್ರ ತಿರುಗಿಸಿ ಸಾಣೆ ಹಿಡಿಯುವವರ ಕೈಗೆ ಇದನ್ನು ಕೊಡಬೇಡಿ. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ, ನಮ್ಮ ಮನೆಯ ಕತ್ತರಿಗಳೆಲ್ಲ ಅವರ ಹತ್ತಿರವೇ ಹೋಗುತ್ತವೆ. ಆದರೆ ನೀರಿಲ್ಲದೆ ಜೋರಾಗಿ ತಿರುಗುವ ಕಲ್ಲು ತೆಳುವಾದ ಅಂಚನ್ನು ಕಾಯಿಸಿಬಿಡುತ್ತದೆ. ಕಿಡಿ ಹಾರಿ ಅಂಚು ನೀಲಿಗೆ ತಿರುಗಿತೆಂದರೆ ಕಮ್ಮಾರ ಕೊಟ್ಟ ಹದ ಅಲ್ಲಿಗೆ ಮುಗಿಯಿತು. ಆ ಭಾಗ ಸವೆದು ಹೋಗುವವರೆಗೆ ಹರಿತ ನಿಲ್ಲುವುದಿಲ್ಲ.

ಬೇಕಾದದ್ದು ನೀರಿನಲ್ಲಿ ನೆನೆಸಿ ಬಳಸುವ ಮಸೆಗಲ್ಲು. 1000 ನಂಬರಿನದು ಒಂದು, 3000ದಿಂದ 6000ದೊಳಗಿನ ನುಣುಪಾದದ್ದು ಒಂದು. ಎರಡೂ ಬೆನ್ನಿಗೆ ಬೆನ್ನು ಅಂಟಿದ ಕಲ್ಲು ಸಿಕ್ಕಿದರೆ ಒಂದೇ ಸಾಕು. ಹಾರ್ಡ್‌ವೇರ್ ಅಂಗಡಿಯ ಕಪ್ಪು ಕಾರ್ಬೊರಂಡಂ ಕಲ್ಲು ಇದಕ್ಕೆ ಒರಟಾಯಿತು. ಅಂಚು ಚಕ್ಕೆ ಎದ್ದಿದ್ದರೆ ಮಾತ್ರ ಅದನ್ನು ಮುಟ್ಟಿ.

ನೆನೆಯುವ ಬಗೆಯ ಕಲ್ಲಾದರೆ ನೀರಿನ ಗುಳ್ಳೆ ನಿಲ್ಲುವವರೆಗೆ, ಹತ್ತು ಹದಿನೈದು ನಿಮಿಷ ಮುಳುಗಿಸಿಡಿ. ಮಡಚಿದ ಒದ್ದೆ ಬಟ್ಟೆಯ ಮೇಲಿಟ್ಟರೆ ಜಾರುವುದಿಲ್ಲ. ಚಾಕುವನ್ನು ಪೂರ್ತಿ ಬಿಚ್ಚಿ, ಅಲಗಿನ ಬಾಯಿಯ ಕಡೆ ಇಳಿಜಾರಾಗಿರುವ ಅಗಲ ಪಟ್ಟಿಯನ್ನು ಕಲ್ಲಿಗೆ ಒರಗಿಸಿ. ಎಷ್ಟು ಡಿಗ್ರಿ ಓರೆ ಹಿಡಿಯಬೇಕು ಎಂದು ಅಡುಗೆ ಚಾಕು ಮಸೆಯುವವರು ಯಾವಾಗಲೂ ಕೇಳುತ್ತಾರೆ. ಇಲ್ಲಿ ಆ ಕಷ್ಟವಿಲ್ಲ. ಪಟ್ಟಿ ಅಗಲವಾಗಿದೆ, ಅದು ಕಲ್ಲಿಗೆ ಚಪ್ಪಟೆಯಾಗಿ ಕೂತಾಗ ಬೆರಳಿಗೇ ಗೊತ್ತಾಗುತ್ತದೆ. ಮೊದಲ ಸಲ ಮಸೆಯುವವರು ಕಲಿಯಲು ಇದಕ್ಕಿಂತ ಒಳ್ಳೆಯ ಚಾಕು ನಾನು ಕಂಡಿಲ್ಲ. ಬಲಗೈ ಹಿಡಿಯಲ್ಲಿ, ಹೆಬ್ಬೆರಳು ಇಲ್ಲಿಯೂ ಚಿಕಿರಿಯ ಮೇಲೆ. ಎಡಗೈಯ ಎರಡು ಬೆರಳ ತುದಿ ಅಲಗಿನ ಮೇಲೆ, ಬಾಯಿಗೆ ಹತ್ತಿರ. ಮುಂದಕ್ಕೆ ತಳ್ಳುವಾಗ ತುಸು ಒತ್ತಿ, ಹಿಂದಕ್ಕೆ ಎಳೆಯುವಾಗ ಹಗುರವಾಗಿ. ಕಲ್ಲಿನ ಮೇಲೆ ಬೂದು ಬಣ್ಣದ ಕೆಸರು ಏಳುತ್ತದೆ. ಅದನ್ನು ತೊಳೆಯಬೇಡಿ, ಮಸೆಯುವುದರಲ್ಲಿ ಅರ್ಧ ಕೆಲಸ ಅದರದೇ. ಒಣಗಿದಂತೆ ಕಂಡರೆ ನಾಲ್ಕು ಹನಿ ನೀರು ಚಿಮುಕಿಸಿ.

ಎಷ್ಟು ಸಲ ಉಜ್ಜಬೇಕು ಎಂದು ಎಣಿಸಬೇಡಿ. ಒಂದು ಪಕ್ಕ ಮುಗಿಯಿತೆಂದು ಹೇಳುವುದು ಅಂಚಿನ ಇನ್ನೊಂದು ಪಕ್ಕಕ್ಕೆ ಮಗುಚಿ ಬರುವ ಲೋಹದ ಸಣ್ಣ ಸುರುಳಿ. ಕಣ್ಣಿಗೆ ಕಾಣುವುದಿಲ್ಲ. ಬೆನ್ನಿನಿಂದ ಅಂಚಿನಾಚೆಗೆ ಹೆಬ್ಬೆರಳನ್ನು ಮೆಲ್ಲನೆ ಜಾರಿಸಿದರೆ ಸಣ್ಣಗೆ ತಡೆಯುತ್ತದೆ. ಅಂಚಿನ ಉದ್ದಕ್ಕೆ ಬೆರಳನ್ನು ಎಂದೂ ಓಡಿಸಬೇಡಿ. ಬುಡದಿಂದ ಮೊನೆಯವರೆಗೂ ಆ ತಡೆ ಸಿಕ್ಕಿದ ಮೇಲೆ ಮಗ್ಗುಲು ಬದಲಿಸಿ. ಆಮೇಲೆ ನುಣುಪು ಕಲ್ಲು, ಒತ್ತಡ ಇನ್ನೂ ಕಡಿಮೆ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ ಬೆನ್ನು ಮುಂದಾಗಿ ಎರಡೂ ಪಕ್ಕ ಹತ್ತತ್ತು ಸಲ ಎಳೆದರೆ ಉಳಿದ ಸುರುಳಿ ಉದುರುತ್ತದೆ. ಮಾಗಿದ ಟೊಮೆಟೊ ಮೇಲೆ ಅಲಗನ್ನು ಒತ್ತದೆ ಎಳೆದು ನೋಡಿ. ತನ್ನ ಭಾರಕ್ಕೇ ಸಿಪ್ಪೆ ಸೀಳಿಕೊಂಡು ಇಳಿದರೆ ಕಲ್ಲು ಒಣಗಿಸಿಡಬಹುದು.

ತುಕ್ಕು, ಕಿಲುಬು, ಸಡಿಲ ಕೀಲು

ಸ್ಟೇನ್‌ಲೆಸ್ ಸ್ಟೀಲಿಗೆ ಒಗ್ಗಿದ ಮನೆಗಳಲ್ಲಿ ಗಾಬರಿ ಹುಟ್ಟಿಸುವುದು ಇದರ ಬಣ್ಣ. ಹೊಸ ಅಲಗಿನಿಂದ ಮಾವಿನಕಾಯಿ ಹೆಚ್ಚಿ ನೋಡಿ. ಹೋಳಿನ ಮೇಲೆ ಕಪ್ಪು ಕಲೆ, ಬಾಯಿಗೆ ಕಬ್ಬಿಣದ ರುಚಿ, ಅಲಗಿನ ಮೇಲೆ ನೀಲಿ ಬೂದು ಮಚ್ಚೆ. ಅದು ಕೆಟ್ಟದ್ದಲ್ಲ. ಹುಳಿ ತಾಗಿ ಮೂಡಿದ ಆ ತೆಳು ಪೊರೆ ದಿನ ಕಳೆದಂತೆ ಇಡೀ ಅಲಗನ್ನು ಆವರಿಸಿ ಮುಂದಿನ ತುಕ್ಕನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಹಣ್ಣಿಗೆ ರುಚಿ ಬಿಡುವುದೂ ಕಡಿಮೆಯಾಗುತ್ತದೆ. ಕೆಟ್ಟದ್ದು ಕೆಂಪು ತುಕ್ಕು. ಬೂದು ಕಪ್ಪನ್ನು ಬಿಡಿ, ಕೆಂಪನ್ನು ಕಂಡ ಕೂಡಲೇ ಉಜ್ಜಿ ತೆಗೆಯಿರಿ. ಜಪಾನಿನಲ್ಲಿ ಅಲಗಿಗೆ ತ್ಸುಬಾಕಿ ಹೂವಿನ ಬೀಜದ ಎಣ್ಣೆ ಸವರುತ್ತಾರೆ. ನಮಗೆ ತೆಂಗಿನೆಣ್ಣೆ ಇದೆ. ಒಂದು ಹನಿ ಬಟ್ಟೆಗೆ ಹಾಕಿ ಅಲಗಿನ ಮೇಲೆ ಎಳೆದರೆ ಸಾಕು, ಹಣ್ಣು ಹೆಚ್ಚಲು ಹೆದರಬೇಕಿಲ್ಲ. ಕೀಲಿಗೆ ಮಾತ್ರ ಹೊಲಿಗೆ ಯಂತ್ರದ ಎಣ್ಣೆ ಒಳ್ಳೆಯದು, ತೆಂಗಿನೆಣ್ಣೆ ಚಳಿಗೆ ಹೆಪ್ಪುಗಟ್ಟಿ ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಹಾಕಿದ ಮೇಲೆ ಅಲಗಿಗೆ ಹರಿದದ್ದನ್ನು ಒರೆಸಿ, ತೊಳೆದೇ ತಿನ್ನುವ ವಸ್ತು ಮುಟ್ಟಿ. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ತೇವ ಹಿಡಿದುಕೊಳ್ಳುತ್ತದೆ. ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟರೆ ಸುಖವಾಗಿರುತ್ತದೆ.

ಹಿತ್ತಾಳೆ ಹಿಡಿ ಕೆಲವೇ ತಿಂಗಳಲ್ಲಿ ಕಂದುತ್ತದೆ. ನನಗೆ ಆ ಕಂದು ಬಣ್ಣವೇ ಚಂದ. ಹೊಳಪು ಬೇಕೆನ್ನುವವರಿಗೆ ದೇವರ ಪಾತ್ರೆ ತೊಳೆಯುವ ನಮ್ಮ ಹುಣಸೆಹಣ್ಣು ಇದೆ. ಆದರೆ ಹುಣಸೆಯ ಹುಳಿ ಹಿತ್ತಾಳೆಯ ಕಿಲುಬನ್ನು ತೆಗೆಯುವಷ್ಟೇ ಚುರುಕಾಗಿ ಅಲಗಿನ ಉಕ್ಕನ್ನೂ ತಿನ್ನುತ್ತದೆ. ಅದನ್ನು ಹೊರಮೈಗೆ ಮಾತ್ರ ಹಚ್ಚಿ, ಎರಡೇ ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು, ಕೂದಲು ಒಣಗಿಸುವ ಯಂತ್ರದಲ್ಲೋ ಬಿಸಿಲಲ್ಲೋ ಕೀಲು ಒಣಗಿಸಿ, ಎಣ್ಣೆ ಹಾಕಿ.

ವರ್ಷಗಟ್ಟಲೆ ಬಳಸಿದ ಮೇಲೆ ಕೀಲು ಸಡಿಲವಾಗುತ್ತದೆ. ಬೀಗವಿಲ್ಲದ ಚಾಕುವಿಗೆ ಇದು ಸಣ್ಣ ಸಂಗತಿಯಲ್ಲ. ಅದೃಷ್ಟಕ್ಕೆ ರಿಪೇರಿ ಸರಳ. ಕೀಲಿನ ಒಂದು ತಲೆಯನ್ನು ಗಟ್ಟಿ ಕಬ್ಬಿಣದ ಮೇಲಿಟ್ಟು, ಇನ್ನೊಂದು ತಲೆಗೆ ಸಣ್ಣ ಸುತ್ತಿಗೆಯಿಂದ ಒಂದೇ ಒಂದು ಹಗುರ ಪೆಟ್ಟು ಕೊಡಿ. ಬಿಚ್ಚಿ ಮಡಚಿ ನೋಡಿ. ಸಾಲದಿದ್ದರೆ ಇನ್ನೊಂದು. ಒಮ್ಮೆಗೇ ಜೋರಾಗಿ ಹೊಡೆದರೆ ಬಿಗಿದುಹೋಗುತ್ತದೆ, ಬಿಗಿದದ್ದನ್ನು ಸಡಿಲಿಸುವುದು ಬಿಗಿ ಮಾಡುವುದಕ್ಕಿಂತ ಬಹಳ ಕಷ್ಟ.

ಕಾನೂನು

ಟೋಕಿಯೋ, ಒಸಾಕಾಗಳಲ್ಲಿ ಕೆಲಸಕ್ಕಿರುವ ಕನ್ನಡಿಗರು, ಪ್ರವಾಸಕ್ಕೆ ಹೋಗಿ ನೆನಪಿಗೆ ಒಂದು ಕೊಳ್ಳುವವರು ಇದನ್ನು ಗಮನವಿಟ್ಟು ಓದಬೇಕು. ಜಪಾನಿನಲ್ಲಿ ಈ ಚಾಕು ಕೊಳ್ಳುವುದಕ್ಕೆ, ಮನೆಯಲ್ಲಿ ಇಡುವುದಕ್ಕೆ ಅಡ್ಡಿಯಿಲ್ಲ. ಜೇಬಿನಲ್ಲಿಟ್ಟು ಬೀದಿ ಸುತ್ತುವುದಕ್ಕಿದೆ. ಅಲಗು 6 ಸೆಂಟಿಮೀಟರಿಗಿಂತ ಉದ್ದವಿದ್ದರೆ ಸಕಾರಣವಿಲ್ಲದೆ ಒಯ್ಯುವುದನ್ನು ಅಲ್ಲಿನ ಬಂದೂಕು ಮತ್ತು ಕತ್ತಿಗಳ ಕಾಯ್ದೆ ನಿಷೇಧಿಸುತ್ತದೆ. ಕೆಲವು ಬಗೆಯ ಮಡಚುಚಾಕುಗಳಿಗೆ ವಿನಾಯಿತಿಯಿದೆಯಾದರೂ ಅದನ್ನು ನಂಬಿ ಕೂರಬೇಡಿ. ಅದಕ್ಕಿಂತ ಚಿಕ್ಕದನ್ನೂ ಕಾರಣವಿಲ್ಲದೆ ಬಚ್ಚಿಟ್ಟು ಒಯ್ದರೆ ಸಣ್ಣ ಅಪರಾಧಗಳ ಕಾಯ್ದೆಯಡಿ ಹಿಡಿಯಬಹುದು. ‘ಆತ್ಮರಕ್ಷಣೆಗೆ’ ಎನ್ನುವುದು ಸಕಾರಣವಲ್ಲ. ಅಂಗಡಿಯಿಂದ ಕೊಂಡು ಮನೆಗೆ ಒಯ್ಯುವುದು ಸಕಾರಣ. ಆದ್ದರಿಂದ ಪೊಟ್ಟಣ ಬಿಚ್ಚದೆ, ರಸೀದಿಯೊಡನೆ, ಚೀಲದ ತಳದಲ್ಲಿಟ್ಟು ನೇರ ಕೋಣೆಗೆ ಹೋಗಿ. ವಿಮಾನದಲ್ಲಿ ಕೈಚೀಲದಲ್ಲಿ ಬರುವಂತಿಲ್ಲ, ಚೆಕ್‌ಇನ್ ಪೆಟ್ಟಿಗೆಯಲ್ಲೇ ಹಾಕಬೇಕು.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆಗೆಲಸ, ಕೃಷಿಯ ಹತಾರಗಳು ಅದರಿಂದ ಹೊರಗೆ. ಹಿಗೊನೊಕಾಮಿ ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಹಾಗೆಂದು ಮೆಟ್ರೊ, ನ್ಯಾಯಾಲಯ, ಸಿನಿಮಾ ಮಂದಿರಗಳ ತಪಾಸಣೆಯಲ್ಲಿ ಬಿಡುತ್ತಾರೆ ಎಂದುಕೊಳ್ಳಬೇಡಿ. ನಿಷೇಧಾಜ್ಞೆ ಇರುವ ದಿನಗಳಲ್ಲಂತೂ ಮನೆಯಲ್ಲೇ ಇರಲಿ.

ಮಕ್ಕಳ ಕೈಗೆ

ನಗಾನೊ ಪ್ರಾಂತದ ಇಕೆದಾ ಪಟ್ಟಣದಲ್ಲಿ ಐಸೊಮೆ ಎಂಬ ಪ್ರಾಥಮಿಕ ಶಾಲೆಯಿದೆ. 1980ರ ದಶಕದಿಂದ ಆ ಶಾಲೆಗೆ ಸೇರುವ ಪುಟ್ಟ ಮಕ್ಕಳಿಗೆ ಒಂದೊಂದು ಹಿಗೊನೊಕಾಮಿ ಕೊಡುತ್ತಾರೆ. ಮಕ್ಕಳು ತಮ್ಮ ಪೆನ್ಸಿಲ್ಲನ್ನು ಅದರಿಂದಲೇ ಕೆತ್ತಿಕೊಳ್ಳುತ್ತಾರೆ. ದೇಶವಿಡೀ ಮಕ್ಕಳಿಂದ ಚಾಕು ಕಸಿದುಕೊಂಡ ಮೇಲೆ ಒಂದು ಶಾಲೆ ಅದನ್ನು ಮತ್ತೆ ಅವರ ಕೈಗಿಟ್ಟಿತು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ನೀವೂ ಮನೆಯಲ್ಲಿ ಕಲಿಸಬಹುದು, ಪಕ್ಕದಲ್ಲಿ ಕೂತು, ದಿನಕ್ಕೆ ಒಂದು ಪೆನ್ಸಿಲ್ಲಿನಂತೆ. ಮೊಂಡು ಚಾಕು ಕೊಟ್ಟರೆ ಕ್ಷೇಮ ಎಂದುಕೊಳ್ಳಬೇಡಿ. ಮೊಂಡಾದದ್ದು ಕಚ್ಚದೆ ಜಾರುತ್ತದೆ, ಮಗು ಬಲ ಹಾಕುತ್ತದೆ, ಗಾಯವಾಗುವುದು ಆಗಲೇ.

ಪೆನ್ಸಿಲ್ ಕೆತ್ತುವ ಕ್ರಮ ಹೀಗೆ. ಬಲಗೈಯಲ್ಲಿ ಚಾಕು, ಹೆಬ್ಬೆರಳು ಚಿಕಿರಿಯ ಮೇಲೆ. ಎಡಗೈಯಲ್ಲಿ ಪೆನ್ಸಿಲ್, ತುದಿ ಮೈಯಿಂದ ಆಚೆಗೆ. ಅಲಗನ್ನು ಮರದ ಮೇಲೆ ಒರಗಿಸಿ, ಎಡಗೈಯ ಹೆಬ್ಬೆರಳನ್ನು ಅಲಗಿನ ಬೆನ್ನಿಗೆ ಕೊಡಿ. ಬಲಗೈ ಅಲಗಿನ ಓರೆ ಕಾಯುತ್ತದೆ, ಅಷ್ಟೇ. ತಳ್ಳುವುದು ಎಡ ಹೆಬ್ಬೆರಳು, ಅದೂ ಒಂದು ಅಂಗುಲದಷ್ಟು. ಒಂದು ಸಿಪ್ಪೆ ಎದ್ದ ಮೇಲೆ ಪೆನ್ಸಿಲ್ಲನ್ನು ತುಸು ತಿರುಗಿಸಿ ಇನ್ನೊಂದು. ಮೊದಲ ದಿನ ಸಿಪ್ಪೆ ದಪ್ಪವಾಗಿ, ಚೂರುಚೂರಾಗಿ ಬೀಳುತ್ತದೆ, ಸೀಸ ಎರಡು ಸಲ ಮುರಿಯುತ್ತದೆ. ಹತ್ತನೆಯ ಪೆನ್ಸಿಲ್ಲಿನ ಹೊತ್ತಿಗೆ ಸುರುಳಿ ಸುರುಳಿಯಾಗಿ ಏಳತೊಡಗುತ್ತದೆ. ಆಮೇಲೆ ಅಲಗು ಒರೆಸಿ, ಬೆರಳುಗಳೆಲ್ಲ ಪಕ್ಕದಲ್ಲಿವೆಯೇ ಎಂದು ಒಮ್ಮೆ ನೋಡಿ, ಅಂಗೈಯಿಂದ ಬೆನ್ನನ್ನು ಒತ್ತಿ ಮಡಚಲು ಮಗುವಿಗೇ ಬಿಡಿ.